ಮನೆ ಸೇರುವುದು

ಮಕ್ಕಳಿಗೆ ಕಥೆ ಹೇಳುವವರು ಕಥೆ ಮುಗಿದ ಮೇಲೆ ಬರುವ ಪ್ರಶ್ನೆಗಳಿಗೂ ಸಿದ್ಧರಾಗಿರಬೇಕು. ನಾನು ಸಿದ್ಧನಾಗಿರಲಿಲ್ಲ. ಈಚೆಗೆ ಒಂದು ಸಂಜೆ ಒಂಬತ್ತು ವರ್ಷದ ಮೊಮ್ಮಗಳಿಗೆ ಓಜ್ ದೇಶದ ಮಾಂತ್ರಿಕನ ಕಥೆಯನ್ನು ನನಗೆ ಬಂದ ಕನ್ನಡದಲ್ಲಿ ಹೇಳಿ ಮುಗಿಸಿದೆನು. ಡೊರೊತಿ ಎಂಬ ಹುಡುಗಿಯು ಬೆಳ್ಳಿಯ ಪಾದರಕ್ಷೆಗಳ ಮಹಿಮೆಯಿಂದ ಮರುಭೂಮಿಯನ್ನು ದಾಟಿ ತನ್ನ ಮನೆಯನ್ನು ಸೇರಿದಳೆಂದು ಹೇಳಿ, ಮಗುವಿಗೆ ಸಂತೋಷವಾಗಿರಬೇಕೆಂದು ಅವಳ ಮುಖವನ್ನು ನೋಡಿದೆನು. ಅವಳು ಹುಬ್ಬು ಗಂಟಿಕ್ಕಿದ್ದಳು. “ತಾತ, ಅಷ್ಟು ಚೆನ್ನಾಗಿರೋ ಊರು ಬಿಟ್ಟು ಆ ಬೂದಿಬಣ್ಣದ ಊರಿಗೆ ಯಾಕೆ ಬಂದಳು?” ಎಂದು ಕೇಳಿದಳು. “ಅದೇ ಅವಳ ಮನೆಯಲ್ಲವೇನಮ್ಮ” ಎಂದೆನು. “ಮನೆ ಅಂದರೆ?” ಎಂದಳು. ಅಷ್ಟರಲ್ಲಿ ಊಟಕ್ಕೆ ಕರೆ ಬಂದುದರಿಂದ ಆ ಹೊತ್ತಿಗೆ ನನ್ನ ಮಾನ ಉಳಿಯಿತು.

ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮಗುವಿಗೆ ಉತ್ತರ ಕೊಡಲಾರದ ವಿಷಯವನ್ನು ಹಿರಿಯರ ಪತ್ರಿಕೆಗೆ ಬರೆದು ತೀರಿಸಿಕೊಳ್ಳುವುದು ನಮ್ಮಂಥವರ ಹಳೆಯ ಚಾಳಿ, ವಾಚಕರು ಸೈರಿಸಿಕೊಳ್ಳಬೇಕು.

ಈ ಕಥೆಯನ್ನು ಬರೆದವನು ಲೈಮನ್ ಫ್ರಾಂಕ್ ಬಾಮ್ ಎಂಬ ಅಮೆರಿಕಾ ದೇಶದ ಲೇಖಕನು. ೧೮೫೬ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹುಟ್ಟಿ, ನಾಟಕ, ಅಂಗಡಿ, ಪತ್ರಿಕೆ ಎಂದು ಒಂದೊಂದನ್ನೂ ಹಿಡಿದು ಬಿಟ್ಟು, ವಯಸ್ಸು ನಲವತ್ತನ್ನು ದಾಟಿದ ಮೇಲೆ ಮಕ್ಕಳ ಕಥೆಗೆ ಕೈಹಾಕಿದವನು. ಡೆನ್ಸ್ಲೋ ಎಂಬ ಚಿತ್ರಕಾರನ ಬಣ್ಣದ ಚಿತ್ರಗಳೊಡನೆ ಈ ಪುಸ್ತಕವು ೧೯೦೦ರಲ್ಲಿ ಚಿಕಾಗೋ ನಗರದಲ್ಲಿ ಪ್ರಕಟವಾಯಿತು. ಕಾನ್ಸಾಸ್ ಪ್ರಾಂತದ ಬಯಲಿನಲ್ಲಿ ಒಂದೇ ಕೋಣೆಯ ಒಂದು ಮರದ ಮನೆ. ಅದರಲ್ಲಿ ಹೆನ್ರಿ ಎಂಬ ಒಕ್ಕಲಿಗನೂ ಅವನ ಹೆಂಡತಿ ಎಮ್ ಎಂಬಾಕೆಯೂ ತಂದೆತಾಯಿಗಳಿಲ್ಲದ ಡೊರೊತಿಯನ್ನು ಸಾಕಿಕೊಂಡಿದ್ದಾರೆ. (ಎಮ್ ಎಂಬಾಕೆ ಆ ಮಗುವಿಗೆ ಚಿಕ್ಕಮ್ಮನೋ ದೊಡ್ಡಮ್ಮನೋ ಸೋದರತ್ತೆಯೋ ಪುಸ್ತಕದಿಂದ ತಿಳಿಯುವಂತಿಲ್ಲ, ಇಂಗ್ಲೀಷಿನಲ್ಲಿ ಎಲ್ಲರಿಗೂ ಒಂದೇ ಶಬ್ದ. ನಾನು ಚಿಕ್ಕಮ್ಮನೆಂದು ಹೇಳಿದೆನು.) ಸುಂಟರಗಾಳಿ ಬಂದರೆ ಅಡಗಿಕೊಳ್ಳುವುದಕ್ಕೆ ನಮ್ಮ ಹಗೇವಿನಂತೆ ನೆಲದೊಳಗೆ ತೋಡಿದ ಒಂದು ಗುಳಿಯುಂಟು. ಒಂದು ದಿನ ಗಾಳಿ ಬಂದಾಗ ಹುಡುಗಿ ನಾಯಿಮರಿಯನ್ನು ಹುಡುಕುತ್ತ ಒಳಗೇ ಉಳಿಯುತ್ತಾಳೆ. ಗಾಳಿಯು ಮನೆಯನ್ನೇ ಕಿತ್ತುಕೊಂಡು ಹೋಗಿ ಓಜ್ ಎಂಬ ಮಾಯಾದೇಶದಲ್ಲಿ ಇಳಿಸುತ್ತದೆ. ಅಲ್ಲಿ ಹೊಳೆಗಳು, ಹಣ್ಣಿನ ಮರಗಳು, ಹಳದಿ ಇಟ್ಟಿಗೆಯ ಹಾದಿ. ಮಿದುಳು ಬೇಕೆನ್ನುವ ಬೆದರುಬೊಂಬೆ, ಹೃದಯ ಬೇಕೆನ್ನುವ ತಗಡಿನ ಮನುಷ್ಯ, ಧೈರ್ಯ ಬೇಕೆನ್ನುವ ಪುಕ್ಕಲು ಸಿಂಹ ಇವರು ಅವಳ ಜೊತೆಗಾರರು. ಅವಳಿಗೆ ಬೇಕಾದುದು ಒಂದೇ: ಮನೆ.

ಹುಟ್ಟಿದ ನೆಲವನ್ನು ಸ್ವರ್ಗಕ್ಕಿಂತ ಮೇಲೆಂದು ಹೊಗಳುವುದು ನಮ್ಮಲ್ಲಿ ಸಭಾಮರ್ಯಾದೆ. ಡೊರೊತಿಗೆ ಅದು ಹೊಂದುವುದಿಲ್ಲ. ಅವಳು ಕಾನ್ಸಾಸಿನಲ್ಲಿ ಹುಟ್ಟಿದಳೆಂದು ಆ ಪುಸ್ತಕ ಹೇಳುವುದಿಲ್ಲ. ಅನಾಥೆಯಾಗಿ ಆ ಮನೆಗೆ ಬಂದಳೆಂದು ಮಾತ್ರ ಹೇಳುತ್ತದೆ. ಚೆಲುವಿನ ಮಾತಂತೂ ಎತ್ತುವಂತಿಲ್ಲ. ಬಿಸಿಲಿಗೆ ನೆಲ ಬಿರಿದು ಬೂದಿಯ ಬಣ್ಣವಾಗಿದೆ. ಹುಲ್ಲು ಸುಟ್ಟು ಅದೇ ಬಣ್ಣವಾಗಿದೆ. ಗೋಡೆಯ ಬಣ್ಣ ಬೊಬ್ಬೆಯೆದ್ದು ಮಳೆಯಲ್ಲಿ ತೊಳೆದುಹೋಗಿದೆ. ಚೆಲುವೆಯಾದ ಎಳೆಯ ಮಡದಿಯಾಗಿ ಬಂದ ಎಮ್ ಬಿಸಿಲು ಗಾಳಿಗಳಿಗೆ ಬತ್ತಿ, ನಗುವುದನ್ನೇ ಮರೆತಿದ್ದಾಳೆ. ಮಗುವಿನ ನಗೆ ಮೊದಮೊದಲು ಕಿವಿಗೆ ಬಿದ್ದಾಗ ಎದೆಯನ್ನು ಒತ್ತಿಕೊಂಡು ಬೆಚ್ಚುತ್ತಿದ್ದಳಂತೆ. ಹೆನ್ರಿಗೆ ನಗೆಯ ಪರಿಚಯವೇ ಇಲ್ಲ. ಇದನ್ನೆಲ್ಲ ಕೇಳಿದ ಬೆದರುಬೊಂಬೆಗೂ ನನ್ನ ಮೊಮ್ಮಗಳಿಗೆ ಬಂದ ಸಂದೇಹವೇ ಬರುತ್ತದೆ. ಡೊರೊತಿ ಅದಕ್ಕೆ, ನಿನಗೆ ಮಿದುಳಿಲ್ಲದುದರಿಂದ ತಿಳಿಯುವುದಿಲ್ಲವೆಂದು ಬಾಯಿ ಮುಚ್ಚಿಸುತ್ತಾಳೆ. ಬೊಂಬೆ ನಮ್ರತೆಯಿಂದ ಒಪ್ಪಿಕೊಳ್ಳುತ್ತದೆ: ಎಲ್ಲರ ತಲೆಯಲ್ಲಿಯೂ ತನ್ನಂತೆ ಹುಲ್ಲೇ ಇದ್ದಿದ್ದರೆ ಎಲ್ಲರೂ ಚೆಂದದ ಊರುಗಳಿಗೆ ಹೊರಟುಹೋಗಿ ಕಾನ್ಸಾಸಿನಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲವೆನ್ನುತ್ತದೆ. ಗ್ರಂಥಕರ್ತನು ಇಲ್ಲಿ ಯಾರನ್ನು ನೋಡಿ ನಗುತ್ತಿದ್ದಾನೆಂಬುದು ನನಗೆ ಇನ್ನೂ ಸ್ಪಷ್ಟವಾಗಿಲ್ಲ.

ನಿಜವಾದ ಉತ್ತರವು ಪುಸ್ತಕದ ಕೊನೆಯಲ್ಲಿದೆ. ಓದುವವರು ಸಾಮಾನ್ಯವಾಗಿ ಅದನ್ನು ಗಮನಿಸದೆ ಹೋಗುತ್ತಾರೆ. ನಾನೂ ಎರಡು ಸಲ ಗಮನಿಸದೆ ಹೋಗಿದ್ದೆನು. ತೆಂಕಣ ನಾಡಿನ ಒಳ್ಳೆಯ ಮಾಟಗಾತಿ ಗ್ಲಿಂಡಾ ಎಂಬವಳು, ನಿನಗೆ ಏನು ಬೇಕೆಂದು ಡೊರೊತಿಯನ್ನು ಕೇಳುತ್ತಾಳೆ. ಹುಡುಗಿ ಊರಿನ ಮಹಿಮೆಯನ್ನು ಹಾಡುವುದಿಲ್ಲ. ತಾನು ಸತ್ತೆನೆಂದು ಚಿಕ್ಕಮ್ಮ ತಿಳಿದಿರುತ್ತಾಳೆ. ತಿಳಿದರೆ ಅಲ್ಲಿಯ ರೂಢಿಯಂತೆ ಶೋಕದ ಕಪ್ಪು ಬಟ್ಟೆ ಹೊಲಿಸಿಕೊಳ್ಳುತ್ತಾಳೆ. ಈ ವರ್ಷದ ಬೆಳೆ ಹೋದ ವರ್ಷದ ಬೆಳೆಗಿಂತ ಚೆನ್ನಾಗಿ ಬಾರದಿದ್ದರೆ ಆ ಖರ್ಚನ್ನು ಚಿಕ್ಕಪ್ಪನು ತಾಳಲಾರನು. ಇಷ್ಟೇ ಅವಳ ಕಾರಣ. ಮಾಟಗಾತಿಯರನ್ನು ಗೆದ್ದು, ರೆಕ್ಕೆಯ ಕಪಿಗಳ ಮೇಲೆ ಸವಾರಿಮಾಡಿ, ಪಚ್ಚೆಯ ಪಟ್ಟಣವನ್ನು ಕಂಡುಬಂದ ಹುಡುಗಿಯ ಮನಸ್ಸಿನಲ್ಲಿ ಉಳಿದಿರುವುದು ಒಬ್ಬ ಬಡ ಒಕ್ಕಲಿಗನ ಕೈಯಲ್ಲಿ ಎಷ್ಟು ಕಾಸಿದೆ ಎಂಬ ಲೆಕ್ಕ! ಇದನ್ನು ಓದಿದಾಗ ನನಗೆ ನಗು ಬಂತು; ನಗು ಮುಗಿಯುವುದರೊಳಗೆ ಕಣ್ಣು ಒದ್ದೆಯಾಯಿತು.

ನಮ್ಮ ಭಾಷೆಯ ‘ಸೇರು’ ಎಂಬ ಸಣ್ಣ ಧಾತುವನ್ನು ನೋಡಿರಿ. ಹೊಲವು ನನಗೆ ಸೇರಿದ್ದು ಎನ್ನುತ್ತೇವೆ. ನಾನು ಈ ಊರಿಗೆ ಸೇರಿದವನು ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ನಾನು ಒಡೆಯನು. ಎರಡನೆಯದರಲ್ಲಿ ಊರೇ ನನಗೆ ಒಡೆಯ. ಸಂಜೆಗೆ ಮನೆ ಸೇರಿದೆನು ಎಂದರೆ ತಲುಪಿದೆನು. ಹಾಗಲಕಾಯಿ ಅವನಿಗೆ ಸೇರದು ಎಂದರೆ ರುಚಿಸದು. ಈ ಅರ್ಥಗಳೆಲ್ಲ ಒಂದೇ ಬೇರಿನಿಂದ ಚಿಗುರಿರುವುದರಿಂದ, ರುಚಿಸಿದ ಸ್ಥಳವೇ ನಾವು ಸೇರಿದ ಸ್ಥಳ, ತಲುಪಿದ ಸ್ಥಳವೇ ನಮಗೆ ಸೇರಿದ ಸ್ಥಳ ಎಂದು ಅರಿಯದೆಯೇ ಭ್ರಮಿಸುತ್ತೇವೆ. ಡೊರೊತಿಯ ವಿಷಯದಲ್ಲಿ ಅವು ಬೇರೆಬೇರೆಯಾಗಿ ನಿಂತಿವೆ. ಕಾನ್ಸಾಸು ಅವಳಿಗೆ ರುಚಿಸುವ ನೆಲವಲ್ಲ, ಅಲ್ಲಿ ಅವಳ ಸ್ವತ್ತೆಂಬುದು ಒಂದು ಮೊಳವಿಲ್ಲ. ಆದರೂ ಅವಳಿಲ್ಲದಿದ್ದರೆ ಅಲ್ಲಿ ಇಬ್ಬರ ಲೆಕ್ಕ ತಪ್ಪುತ್ತದೆ. ಹೊಸಬರನ್ನು ಕಂಡಾಗ ನಮ್ಮ ಹಳ್ಳಿಯವರು “ನೀನು ಯಾರ ಪೈಕಿಯಪ್ಪ?” ಎಂದು ಕೇಳುತ್ತಾರಲ್ಲವೆ? ಜಾತಿಯನ್ನು ಅಳೆಯುವುದಕ್ಕೆ ಆ ಪ್ರಶ್ನೆಯನ್ನು ಬಳಸುವುದುಂಟೆಂಬುದನ್ನು ನಾನು ಮರೆತಿಲ್ಲ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಇದೆ: ನೀನು ದಾರಿಯಲ್ಲಿ ಬಿದ್ದರೆ ಯಾರಿಗೆ ಹೇಳಿಕಳಿಸಬೇಕು?

ಈ ವಿಚಾರಕ್ಕೆ ಕಥೆಯಲ್ಲಿಯೇ ಬೇರೆ ಸಾಕ್ಷಿಗಳು ಸಿಕ್ಕುತ್ತವೆ. ಮಾಂತ್ರಿಕನು ಒಮಾಹಾ ಪಟ್ಟಣದಿಂದ ವಿಮಾನಗೋಳದಲ್ಲಿ ತೇಲಿಬಂದ ಬರಿಯ ಕಪಟಿಯೆಂದು ಬಯಲಾದ ಮೇಲೆ, ಪಚ್ಚೆಯ ಪಟ್ಟಣದವರಿಗೆ ದೊರೆಯಿಲ್ಲವಾಗುತ್ತದೆ. ಬೆದರುಬೊಂಬೆ ಅಲ್ಲಿಗೆ ದೊರೆಯಾಗುತ್ತಾನೆ. ತಗಡಿನ ಮನುಷ್ಯನನ್ನು ಪಡುವಣದ ವಿಂಕಿಗಳು ಆಳೆಂದು ಬೇಡಿಕೊಳ್ಳುತ್ತಾರೆ. ಸಿಂಹಕ್ಕೆ ಒಂದು ಕಾಡಿನ ಮೃಗಗಳು ಕಾದಿವೆ. ಮೂವರೂ ಬೇಡಿ ಹೊರಟದ್ದು ಗುಣವನ್ನು. ದೊರೆತದ್ದು ಗುಣವಲ್ಲ, ತಮ್ಮನ್ನು ಬಯಸುವ ಜನ. ರೆಕ್ಕೆಯ ಕಪಿಗಳ ಅರಸನಂತೂ, ನಮ್ಮನ್ನು ಕಾನ್ಸಾಸಿಗೆ ಮುಟ್ಟಿಸು ಎಂದು ಡೊರೊತಿ ಆಜ್ಞಾಪಿಸಿದಾಗ, ತಾವು ಈ ನಾಡಿನವರು, ಇದನ್ನು ಬಿಟ್ಟು ಬರಲಾಗದು ಎಂದು ನಿಷ್ಠುರವಾಗಿ ಹೇಳಿ ಹಾರಿಹೋಗುತ್ತಾನೆ.

ಇವೆಲ್ಲಕ್ಕಿಂತ ನನ್ನನ್ನು ನೋಯಿಸಿದ ಪ್ರಸಂಗವು ಪಿಂಗಾಣಿಯ ನಾಡಿನದು. ಬಿಳಿಯ ಗೋಡೆಯೊಂದನ್ನು ಹತ್ತಿ ಇಳಿದರೆ, ನೆಲ, ಮನೆ, ಹಸು, ಹಾಲು ಕರೆಯುವ ಹುಡುಗಿ ಎಲ್ಲವೂ ಪಿಂಗಾಣಿಯವು, ಮೊಣಕಾಲುದ್ದದ ಜನ. ಅಲ್ಲಿಯ ರಾಜಕುಮಾರಿಯ ಚೆಲುವಿಗೆ ಮರುಳಾಗಿ ಡೊರೊತಿಯು, ನಿನ್ನನ್ನು ಬುಟ್ಟಿಯಲ್ಲಿಟ್ಟುಕೊಂಡು ಊರಿಗೆ ಒಯ್ದು ಚಿಕ್ಕಮ್ಮನ ಮನೆಯ ಗೂಡಿನಲ್ಲಿ ನಿಲ್ಲಿಸುತ್ತೇನೆ, ಬಾ ಎನ್ನುತ್ತಾಳೆ. ರಾಜಕುಮಾರಿ ದುಃಖಪಡುತ್ತಾಳೆ. ಇಲ್ಲಿರುವವರೆಗೆ ತಾವು ನಡೆದಾಡುತ್ತೇವೆ, ಮಾತನಾಡುತ್ತೇವೆ. ಹೊರಗೆ ಒಯ್ದೊಡನೆಯೆ ಕೀಲುಗಳು ಬಿಗಿದು, ನೆಟ್ಟಗೆ ನಿಂತು ಚೆಂದ ಕಾಣುವುದೊಂದೇ ಉಳಿಯುತ್ತದೆ ಎನ್ನುತ್ತಾಳೆ. ಡೊರೊತಿ ಒಡನೆಯೆ ಅವಳನ್ನು ಬಿಟ್ಟುಕೊಡುತ್ತಾಳೆ. ಆ ವಿವೇಕವು ನನಗಿರಲಿಲ್ಲ.

ತಂದೆಯವರು ತೀರಿಕೊಂಡ ಮೇಲೆ ತಾಯಿಯವರನ್ನು ಹಳ್ಳಿಯಿಂದ ನಾನಿದ್ದ ಪಟ್ಟಣಕ್ಕೆ ಕರೆದುಕೊಂಡು ಬಂದೆನು. ಗಾಳಿ ಬೆಳಕಿನ ಕೋಣೆಯೊಂದನ್ನು ಬಿಟ್ಟುಕೊಟ್ಟೆವು. ಕೆಲಸಕ್ಕೆ ಆಳಿದ್ದಳು, ಒಂದು ಕಡ್ಡಿಯನ್ನೂ ಎತ್ತಿಡಲು ಅವರನ್ನು ಬಿಡಲಿಲ್ಲ. ಹಳ್ಳಿಯಲ್ಲಿ ಕೊಟ್ಟಿಗೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಡಿಗೆಮನೆಗೆ ದಿನಕ್ಕೆ ನೂರು ಸಲ ಓಡಾಡುತ್ತಿದ್ದ ಜೀವವು ನಮ್ಮ ನಡುಮನೆಯ ಗೋಡೆಗೆ ಒರಗಿ, ಒಗೆದ ಸೀರೆಯುಟ್ಟು, ನಮಸ್ಕರಿಸಿದವರನ್ನು ಹರಸುತ್ತ ಕುಳಿತಿರುತ್ತಿತ್ತು. ಬಂದವರು, ತಾಯಿಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎನ್ನುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮಾತ್ರ ಪ್ರತಿದಿನವೂ, “ಊರಿಗೆ ಯಾವಾಗ ಹೋಗೋದಪ್ಪ?” ಎಂಬ ಒಂದೇ ಮಾತು. “ಇದೇ ನಿನ್ನ ಮನೆಯಲ್ಲವೇನಮ್ಮ” ಎಂದು ನಾನು ಕೆಲವು ಸಲ ಪ್ರೀತಿಯಿಂದಲೂ, ಆಮೇಲಾಮೇಲೆ ಸಿಡುಕಿನಿಂದಲೂ ಹೇಳುತ್ತಿದ್ದೆನು. ಎರಡು ವರ್ಷ ಹೀಗೆ ಕಳೆದು ಅವರು ಪಟ್ಟಣದಲ್ಲಿಯೇ ಕಣ್ಣು ಮುಚ್ಚಿದರು. ಹಳ್ಳಿಯ ಮನೆಯನ್ನು ಅದಕ್ಕೆ ಆರು ತಿಂಗಳ ಮೊದಲೇ ಮಾರಿದ್ದೆನು. ಅವರಿಗೆ ತಿಳಿಸಿರಲಿಲ್ಲ.

ಆದುದರಿಂದ, ನಮ್ಮವರು ಎಲ್ಲಿಯೋ ಅಲ್ಲಿಯೇ ಮನೆಯೆಂದು ಸುಲಭವಾಗಿ ಹೇಳುವ ಅಧಿಕಾರ ನನಗಿಲ್ಲ. ತಾಯಿಯವರಿಗೆ ಮಗನಿದ್ದನು, ಸೊಸೆಯಿದ್ದಳು, ಮಕ್ಕಳಿದ್ದರು. ಅವರ ಮೇಲೆ ನಮಗೆ ಅಕ್ಕರೆಯಿತ್ತು. ಆದರೆ ಅವರಿಂದ ಆಗಬೇಕಾದ ಕೆಲಸ ಒಂದೂ ನಮ್ಮ ಮನೆಯಲ್ಲಿ ಇರಲಿಲ್ಲ. ಕನ್ನಡದಲ್ಲಿ ಆಪ್ತರನ್ನು ‘ಬೇಕಾದವರು’ ಎನ್ನುತ್ತೇವಷ್ಟೆ. ಆ ಮಾತಿನ ಪೂರ್ಣಾರ್ಥದಲ್ಲಿ ಅವರು ಬೇಕಾದವರಾಗಿದ್ದುದು ಹಳ್ಳಿಯ ಒಂದು ಕರೆಯುವ ಎಮ್ಮೆಗೆ, ನಾಲ್ಕು ಬದನೆಯ ಗಿಡಕ್ಕೆ, ಮಜ್ಜಿಗೆಗೆಂದು ಬರುತ್ತಿದ್ದ ನೆರೆಯ ಮಕ್ಕಳಿಗೆ. ಮರುಭೂಮಿಯ ಆಚೆಯಿಂದ ಬಂದವಳಿಗೂ ಅಂಥದೇ ಸ್ವಾಗತ: ಡೊರೊತಿಯು ಓಡಿಬರುವಾಗ ಚಿಕ್ಕಮ್ಮನು ಕೋಸಿನ ಗಿಡಗಳಿಗೆ ನೀರೆರೆಯಲು ಹೊರಗೆ ಬರುತ್ತಿದ್ದಾಳೆ, ಚಿಕ್ಕಪ್ಪನು ಹಾಲು ಕರೆಯುತ್ತಿದ್ದಾನೆ.

೧೯೩೯ರ ಪ್ರಸಿದ್ಧ ಚಲಚ್ಚಿತ್ರವು ಬೆಳ್ಳಿಯ ಪಾದರಕ್ಷೆಗಳನ್ನು ಕೆಂಪಾಗಿಸಿತು. ಅದಕ್ಕೆ ನನ್ನ ತಕರಾರಿಲ್ಲ. ಕಥೆಯನ್ನೆಲ್ಲ ಒಂದು ಕನಸೆಂದು ಮಾಡಿ, ಹುಡುಗಿಯನ್ನು ಅವಳ ಹಳೆಯ ಹಾಸಿಗೆಯಲ್ಲಿಯೇ ಎಬ್ಬಿಸಿತಲ್ಲ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಪುಸ್ತಕದಲ್ಲಿ ಹಳೆಯ ಮನೆ ಗಾಳಿಯ ಪಾಲಾಗಿಹೋಗಿದೆ. ಹೆನ್ರಿ ಹೊಸ ಮನೆ ಕಟ್ಟಿಸಿದ್ದಾನೆ. ಡೊರೊತಿಯು ಹಿಂದಿರುಗಿದ್ದು ತಾನೆಂದೂ ಕಾಣದ ಮನೆಗೆ. ೧೯೧೦ರ ಮತ್ತೊಂದು ಪುಸ್ತಕದಲ್ಲಿ ಬಾಮನು ಈ ಹೊಸ ಮನೆಯ ಕಥೆಯನ್ನು ಮುಂದುವರಿಸಿ ಕಹಿಯಾದ ಸತ್ಯವನ್ನು ಹೊರಗೆಡವಿದ್ದಾನೆ. ಮನೆ ಕಟ್ಟಿಸುವುದಕ್ಕೆ ಹೊಲವನ್ನು ಅಡವಿಟ್ಟಿದ್ದನು, ಬೆಳೆ ಕೈಕೊಟ್ಟಿತು, ಲೇವಾದೇವಿಯವನು ಹೊಲವನ್ನು ಕಟ್ಟಿಕೊಳ್ಳಲು ಬಂದನು. ಅಲ್ಲಿಯವರೆಗೆ ಓಜ್ ದೇಶದ ರಾಣಿ ಎಷ್ಟು ಕರೆದರೂ ಅಲ್ಲಿಯೇ ನೆಲಸಲೊಪ್ಪದ ಡೊರೊತಿ, ಆಗ ಮುದುಕರಿಬ್ಬರನ್ನೂ ಕರೆದುಕೊಂಡು ಮಾಯಾದೇಶಕ್ಕೇ ಹೊರಟುಹೋದಳು. ಬೆಲೆಬಾಳುವ ಬಟ್ಟೆ ತೊಟ್ಟು ಅರಮನೆಯಲ್ಲಿ ಇರಿಸುಮುರಿಸುಪಟ್ಟ ಆ ಒಕ್ಕಲು ದಂಪತಿಗಳ ಚಿತ್ರವನ್ನು ಮಕ್ಕಳು ನಗುತ್ತ ಓದುತ್ತಾರೆ. ನನಗೆ ನಮ್ಮ ನಡುಮನೆಯ ಗೋಡೆ ಕಣ್ಣಮುಂದೆ ಬರುತ್ತದೆ. ಇದನ್ನು ಬರೆದವನು ತಾನೂ ಮರುವರ್ಷ, ೧೯೧೧ರಲ್ಲಿ, ದಿವಾಳಿಯಾದನು.

ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಲೇಖನ ಸೊಗಸಾಗಿರುತ್ತಿತ್ತು. ನಿಲ್ಲಿಸುವಂತಿಲ್ಲ. ಬಾಮನು ೧೮೮೮ರಲ್ಲಿ ಡಕೋಟಾ ಸೀಮೆಯ ಅಬರ್ಡೀನ್ ಎಂಬ ಊರಿಗೆ ಹೋಗಿ ಅಂಗಡಿಯಿಟ್ಟನು. ಬರ ಬಂದು ಅಂಗಡಿ ಮುಚ್ಚಿತು. ಆಮೇಲೆ ಅಲ್ಲಿ ಒಂದು ವಾರಪತ್ರಿಕೆಯನ್ನು ನಡೆಸಿದನು. ಕಾನ್ಸಾಸಿನ ಬೂದಿಬಣ್ಣವನ್ನು ಅವನು ಆ ಬರದ ನೆಲದಿಂದಲೇ ತೆಗೆದುಕೊಂಡನೆಂದು ಬಲ್ಲವರ ಅಭಿಪ್ರಾಯ. ೧೮೯೦ರ ಡಿಸೆಂಬರಿನಲ್ಲಿ ಅಲ್ಲಿಯ ಮೂಲನಿವಾಸಿಗಳಾದ ಸೂ ಜನಾಂಗದ ನಾಯಕ ಸಿಟ್ಟಿಂಗ್ ಬುಲ್ ಕೊಲ್ಲಲ್ಪಟ್ಟನು. ಅದೇ ತಿಂಗಳು ೨೯ರಂದು ವೂಂಡೆಡ್ ನೀ ಎಂಬಲ್ಲಿ ಸೈನಿಕರು ಹೆಂಗಸರು ಮಕ್ಕಳೆನ್ನದೆ ಆ ಜನರ ದೊಡ್ಡ ಗುಂಪೊಂದನ್ನು ಕೊಂದರು. ಈ ಸಂದರ್ಭದಲ್ಲಿ ಬಾಮನು ತನ್ನ ಪತ್ರಿಕೆಯ ಸಂಪಾದಕೀಯಗಳಲ್ಲಿ, ವಲಸೆಗಾರರ ಕ್ಷೇಮಕ್ಕಾಗಿ ಉಳಿದ ಮೂಲನಿವಾಸಿಗಳನ್ನೂ ನಿರ್ಮೂಲಮಾಡಬೇಕೆಂದು ಬರೆದನು. ಒಂದು ಸಲವಲ್ಲ, ಎರಡು ಸಲ. ಅವನ ವಂಶದವರು ೨೦೦೬ರಲ್ಲಿ ಇದಕ್ಕಾಗಿ ಸೂ ಜನರ ಕ್ಷಮೆಯನ್ನು ಕೇಳಿದರು.

ಒಬ್ಬ ಹುಡುಗಿ ಮನೆ ಸೇರಬೇಕೆಂಬ ತವಕವನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲವನು, ಮನೆಯಲ್ಲಿಯೇ ಇದ್ದವರನ್ನು ಕುರಿತು ಹೀಗೆ ಬರೆಯುವುದು ಹೇಗೆ ಸಾಧ್ಯವಾಯಿತು? ಅವನು ಆಗ ಎಳೆಯನು, ಆಮೇಲೆ ಮನಸ್ಸು ಮಾಗಿತು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಮೂವತ್ತನಾಲ್ಕು ವರ್ಷ ಎಳೆತನವಲ್ಲ. ನನಗೆ ತೋರುವುದೇನೆಂದರೆ, ಅವೆರಡೂ ಬೇರೆಬೇರೆ ಮನಸ್ಸುಗಳಲ್ಲ. ಬೆಳೆ ಕೆಟ್ಟ ವಲಸೆಗಾರನು ತನ್ನ ಮನೆಯ ಒಂದೊಂದು ಹಲಗೆಯನ್ನೂ ಪ್ರೀತಿಸುತ್ತಾನೆ. ಆ ಪ್ರೀತಿಯ ಬಿಸಿಯಲ್ಲಿಯೇ, ನಾನು ಈ ನೆಲಕ್ಕೆ ಸೇರಿದವನು ಎಂಬುದು ಈ ನೆಲ ನನಗೆ ಸೇರಿದ್ದು ಎಂದು ತಿರುಗಿಬಿಡುತ್ತದೆ. ಧಾತು ಒಂದೇ, ವಿಭಕ್ತಿ ಮಾತ್ರ ಬದಲಾಗುತ್ತದೆ. ತಾಯಿಯವರ ಮನೆಯನ್ನು ಮಾರುವಾಗ ನನ್ನ ಬಾಯಿಂದ ಬಂದ ವಾದವೂ ಅದೇ ಆಗಿತ್ತು: ಮನೆ ಕಾಗದದಲ್ಲಿ ನನಗೆ ಸೇರಿದ್ದು.

ಪುಸ್ತಕವನ್ನು ಎತ್ತಿ ಎಸೆಯಬೇಕೆಂದು ನಾನು ಹೇಳುವುದಿಲ್ಲ. ಶೋಕದ ಬಟ್ಟೆಯ ಖರ್ಚನ್ನು ಎಣಿಸಿದ ಆ ಹುಡುಗಿಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಮಗುವಿಗೆ ಹೇಳುವಾಗ ಮಾತ್ರ ಕಥೆಯನ್ನು ಸ್ವಲ್ಪ ಮುಂದಕ್ಕೆ ಹೇಳಬೇಕು ಎನ್ನಿಸಿತು. ಮರುದಿನ ಸಂಜೆ ಅವಳನ್ನು ಕೂರಿಸಿಕೊಂಡು, ಚಿಕ್ಕಮ್ಮನ ಕಪ್ಪು ಬಟ್ಟೆಯ ವಿಷಯವನ್ನು ಹೇಳಿದೆನು. ಅದು ಅವಳಿಗೆ ಒಡನೆಯೆ ಅರ್ಥವಾಯಿತು. ದೊಡ್ಡವರಿಗೇ ಅದು ವಿಳಂಬವಾಗಿ ಅರ್ಥವಾಗುವುದು. ಕಾನ್ಸಾಸ್ ಎಂಬ ಹೆಸರು ಕಾನ್ಸಾ ಎಂಬ ಮೂಲನಿವಾಸಿ ಜನರಿಂದ ಬಂದುದೆಂದೂ, ೧೮೬೨ರ ಕಾಯಿದೆಯಂತೆ ಒಂದೊಂದು ಒಕ್ಕಲಿಗೆ ೧೬೦ ಎಕರೆಯಂತೆ ಅಲ್ಲಿಯ ಬಯಲನ್ನು ಹಂಚಲು ಆರಂಭಿಸಿದ ಸರ್ಕಾರವು ೧೮೭೩ರಲ್ಲಿ ಕಾನ್ಸಾ ಜನರನ್ನೇ ಅಲ್ಲಿಂದ ತೆಂಕಣಕ್ಕೆ, ಈಗ ಓಕ್ಲಹೋಮಾ ಎನ್ನುವ ನಾಡಿಗೆ, ಸಾಗಿಸಿತೆಂದೂ ಹೇಳಿದೆನು. “ಅವರಿಗೆ ಬೆಳ್ಳಿ ಚಪ್ಪಲಿ ಇರಲಿಲ್ಲವಾ?” ಎಂದು ಕೇಳಿದಳು.

ಇರಲಿಲ್ಲವೆಂದೆನು. ಡೊರೊತಿಯ ಪಾದರಕ್ಷೆಗಳೂ ಮರುಭೂಮಿಯ ಮೇಲೆ ಹಾರುವಾಗ ಕಳಚಿಬಿದ್ದು ಯಾರಿಗೂ ಸಿಕ್ಕದೆ ಹೋದವು. ಆದರೆ ಇನ್ನೊಂದು ಸಂಗತಿ ನನಗೆ ತಿಳಿದಿತ್ತು, ಅದನ್ನೂ ಹೇಳಿದೆನು. ಕಾನ್ಸಾಸ್ ನದಿಯ ದಂಡೆಯಲ್ಲಿ ಆ ಜನರು ಪವಿತ್ರವೆಂದು ಭಾವಿಸುತ್ತಿದ್ದ ಕೆಂಪು ಬಣ್ಣದ ಒಂದು ಹೆಬ್ಬಂಡೆಯಿತ್ತು. ೧೯೨೯ರಲ್ಲಿ ಲಾರೆನ್ಸ್ ಪಟ್ಟಣದವರು ಅದನ್ನು ತಮ್ಮ ಊರಿಗೆ ಸಾಗಿಸಿ, ಊರನ್ನು ಸ್ಥಾಪಿಸಿದ ವಲಸೆಗಾರರ ಸ್ಮರಣೆಗೆಂದು ಅದಕ್ಕೆ ಒಂದು ಫಲಕವನ್ನು ಬಡಿದು ನಿಲ್ಲಿಸಿದರು. ಕಾನ್ಸಾ ಜನರು ತಾವು ೧೮೭೩ರಲ್ಲಿ ಬಿಟ್ಟುಹೋದ ಕೌನ್ಸಿಲ್ ಗ್ರೋವ್ ಊರಿನ ಬಳಿ ಸ್ವಲ್ಪ ನೆಲವನ್ನು ಹಣ ಕೊಟ್ಟು ಕೊಂಡುಕೊಂಡರು. ಲಾರೆನ್ಸಿನವರು ೨೦೨೧ರಲ್ಲಿ ಬಂಡೆಯನ್ನು ಹಿಂದಿರುಗಿಸಲು ಒಪ್ಪಿದರು. ೨೦೨೪ರ ವೇಳೆಗೆ ಅದು ಆ ನೆಲವನ್ನು ಸೇರಿತು. ನದಿಯ ದಂಡೆಯಲ್ಲಿ ಅದು ಮೊದಲಿದ್ದ ಜಾಗವಲ್ಲ ಅದು. ಅವರ ಸರ್ಕಾರವೂ ಕಚೇರಿಗಳೂ ಇಂದಿಗೂ ಓಕ್ಲಹೋಮಾದಲ್ಲಿವೆ. ಕಲ್ಲನ್ನು ನೋಡುವುದಕ್ಕೆ ದೂರ ಪ್ರಯಾಣಮಾಡಿ ಬರಬೇಕು.

ಮಗು ಸ್ವಲ್ಪ ಹೊತ್ತು ಯೋಚಿಸಿ, “ಅಜ್ಜಿಯಮ್ಮನ ಹಳ್ಳಿ ಮನೇಲಿ ಈಗ ಯಾರಿದ್ದಾರೆ ತಾತ?” ಎಂದಳು. ಮುಂದಿನ ರಜೆಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇನೆಂದು ಹೇಳಿದ್ದೇನೆ. ಮನೆಯನ್ನು ಕೊಂಡವರು ಒಳಗೆ ಕರೆಯುವರೋ ಇಲ್ಲವೋ ತಿಳಿಯದು.